ಸೋಮವಾರದ ರಾಜ್ಮಾ ಮತ್ತ ಅವ್ವನ ವಹಿ

ನಾನು ಮಗಳ ಬಾಣಂತನ ಮುಗಿಸಿಕೊಂಡು ಬಂದು ಒಂದು ತಿಂಗಳಾತು. ಬಂದಾಗಿಂದ ಓಣಿಯೊಳಗ ಎಲ್ಲಾರದೂ ಒಂದ ಪ್ರಶ್ನಿ: "ಆರು ತಿಂಗಳು ಅಲ್ಲೆ ಏನ ತಿಂದ್ರಿ? ಬರೇ ಬರ್ಗರು, ಪಿಜ್ಜಾ ಏನು?" ನಾನು "ಸೋಮವಾರಕ್ಕೊಮ್ಮೆ ರಾಜ್ಮಾ, ಅನ್ನ" ಅಂದ್ರ ಎಲ್ಲಾರೂ ನಗತಾರ. ಚಾಷ್ಟಿ ಮಾಡ್ಲಿಕ್ಕೆ ಹತ್ಯಾಳ ಅಂತ ತಿಳ್ಕೋತಾರ. ಖರೇನ ಹೇಳಲಿಕ್ಕೆ ಹತ್ತೀನಿ. ಅದಕ್ಕ ಒಮ್ಮೆ ಕೂತು ಪೂರ್ತಿ ಬರದಬಿಡೂಣು ಅಂತ ಬರೀಲಿಕ್ಕೆ ಕೂತೀನಿ. ಇದರಾಗ ನಮ್ಮ ವೈನಿಗೆ ಹೇಳೂದು ಒಂದು ಮಾತೂ ಅದ. ಅದು ಕಡೀಗೆ ಬರ್ತದ.

ಮಗಳು ಇರೋ ಊರು ನ್ಯೂ ಆರ್ಲಿಯನ್ಸ್. ಲೂಸಿಯಾನಾ ರಾಜ್ಯ, ಮಿಸಿಸಿಪ್ಪಿ ಹೊಳಿ ದಂಡಿ. ನಾ ಹೋಗೋ ಮುಂಚೆ ಅಮೆರಿಕಾ ಅಂದ್ರ ಎಲ್ಲಾ ಕಡೆ ಒಂದ ಊಟ ಇರ್ತದ ಅಂತ ತಿಳಕೊಂಡಿದ್ದೆ. ನಮ್ಮಲ್ಲೆ ಹುಬ್ಬಳ್ಳಿ ದಾಟಿ ಶಿರಸಿಗೆ ಹ್ವಾದ್ರ ಸಾರಿನ ರುಚಿ ಬದಲಾಗ್ತದ, ಅಷ್ಟು ದೊಡ್ಡ ದೇಶದಾಗ ಬದಲಾಗೂದಿಲ್ಲ ಅಂತ ಹೆಂಗ ತಿಳಕೊಂಡಿದ್ದೆನೋ ಏನೋ!

ಪಕ್ಕದ ಮನಿಯೊಳಗ ಒಬ್ಬರು ಅಜ್ಜಿ ಇದ್ದರು. ಎಂಬತ್ತರ ಹತ್ತಿರ ವಯಸ್ಸು, ಒಬ್ಬರ ಇರ್ತಿದ್ದರು. ಆ ಊರಾಗ ಹಿರಿಯ ಹೆಣ್ಣಮಕ್ಕಳನ್ನ ಬರೇ ಹೆಸರು ಹಿಡದು ಕರಿಯೂದಿಲ್ಲ. ಹೆಸರಿನ ಮುಂದ 'ಮಿಸ್' ಅಂತ ಹಚ್ಚಿ ಕರೀತಾರ, ನಾವು ಅಕ್ಕಾ, ಬಾಯಿ ಅಂತ ಹಚ್ಚೂ ಹಂಗ. ಅವರ ಮನಿತನದವರು ಕರಿ ಜನ, ಕ್ಯಾಥೊಲಿಕ್ಕರು. ತಮ್ಮನ್ನ ಕ್ರಿಯೋಲ್ ಅಂತ ಕರ್ಕೋತಾರ. ನನಗ ಶಾಳಿಯೊಳಗ ಕಲಿತ ಹರಕು ಮುರಕು ಇಂಗ್ಲಿಷು. ಅವರು ಸಾವಕಾಶ ಮಾತಾಡವರು. ತಿಳೀಲಾರದ್ದನ್ನ ಮಗಳು ಹೇಳಾಕಿ. ಅಡಿಗಿ ಮಾತಿಗೆ ಅಷ್ಟು ಭಾಷಾ ಸಾಕು, ಉಳಿದದ್ದನ್ನ ಕೈ ಹೇಳ್ತದ.

ಪ್ರತಿ ಸೋಮವಾರ ಮುಂಜಾನೆ ಅವರ ಖಿಡಕ್ಯಾಗಿಂದ ಬಳ್ಳೊಳ್ಳಿ, ತಮಾಲ ಎಲಿ ಹಾಕಿ ಕುದಿಸೋ ವಾಸನಿ ಬರ್ತಿತ್ತು. ಮೂರನೇ ಸೋಮವಾರ ನಾ ತಡೀಲಾರದ ಕೇಳಿದೆ. "ಇವತ್ತು ಸೋಮವಾರ ಅಲ್ಲೇನು, ಕೆಂಪು ಕಾಳು ಅನ್ನ" ಅಂದರು, ಯುಗಾದಿಗೆ ಬೇವು ಬೆಲ್ಲ ಅಂದಂಗ. ಹಿಂದಕ ಆ ಊರಾಗ ಸೋಮವಾರ ಅಂದ್ರ ಅರಬಿ ಒಗಿಯೋ ದಿನ. ಮಶೀನು ಇಲ್ಲದ ಕಾಲದಾಗ ಇಡೀ ದಿನ ಅದ ಕೆಲಸ. ಒಲಿ ಮುಂದ ನಿಂದರಲಿಕ್ಕೆ ಪುರಸೊತ್ತಿಲ್ಲ. ಅದಕ್ಕ ಹಿಂದಿನ ರಾತ್ರಿ ರಾಜ್ಮಾ ನೆನಿ ಹಾಕಿ, ರವಿವಾರದ ಊಟದಾಗ ಉಳಿದ ಹಂದಿಮಾಂಸದ ಎಲುಬು ಹಾಕಿ, ಸಣ್ಣ ಉರಿ ಮ್ಯಾಲೆ ಇಟ್ಟು ಬಿಡೂದು. ಅದರ ಪಾಡಿಗೆ ಅದು ಕುದೀತದ, ಇವರ ಪಾಡಿಗೆ ಇವರು ಅರಬಿ ಒಗೀತಾರ. ಸಂಜಿಗೆ ಸ್ವಲ್ಪ ಕಾಳು ಬೋಗೋಣಿ ಅಂಚಿಗೆ ಸೌಟಲೆ ಒತ್ತಿ ಹಿಸುಕಿದ್ರ ರಸ ಗಟ್ಟಿ ಆಗ್ತದ. ಈಗ ಎಲ್ಲಾರ ಮನ್ಯಾಗೂ ಮಶೀನು ಅದ, ಸೋಮವಾರ ಯಾರೂ ಅರಬಿ ಒಗಿಯೂದಿಲ್ಲ. ಆದ್ರ ಕಾಳು ಮಾತ್ರ ಸೋಮವಾರನ ಬೇಯತಾವ. ಆ ಊರಾಗ ಹುಟ್ಟಿದ ದೊಡ್ಡ ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗ್ ಪತ್ರದ ಕಡೀಗೆ 'ನಿಮ್ಮ ವಿಶ್ವಾಸಿ' ಅಂತ ಬರಿಯೋ ಜಾಗಾದಾಗ ಕೆಂಪು ಕಾಳು ಅನ್ನದ ಹೆಸರು ಹಾಕಿ ಸಹಿ ಮಾಡ್ತಿದ್ದರಂತ! ಊರು ಬಿಟ್ಟು ಹ್ವಾದವರಿಗೆ ಊರಿನ ನೆನಪು ಬರೂದು ನಾಲಿಗಿ ಮ್ಯಾಲಿಂದನ.

ನಾವು ಮಾಂಸ ತಿನ್ನೂದಿಲ್ಲ ಅಂತ ಗೊತ್ತಾದ ಮ್ಯಾಲೆ ಅಜ್ಜಿ ನಮಗ ಅಂತ ಎಲುಬು ಹಾಕದ ಬ್ಯಾರೆ ಬೋಗೋಣಿ ಇಡ್ಲಿಕ್ಕೆ ಸುರು ಮಾಡಿದರು. ಸುಳ್ಳು ಯಾಕ ಹೇಳಲಿ, ಮೊದಲನೇ ಸಲ ನನಗ ಸಪ್ಪಗ ಅನಸ್ತು. ಎರಡನೇ ಸಲ ಆತು ಅನಸ್ತು. ನಾಕನೇ ಸೋಮವಾರ ನಾನ ಹನ್ನೊಂದು ಗಂಟೆಕ್ಕ ಖಿಡಕಿ ಕಡೆ ನೋಡ್ಲಿಕ್ಕೆ ಹತ್ತಿದ್ದೆ.

ಒಂದು ದಿನ ಕೂಸು ಮಲಗಿತ್ತು. "ಬರ್ರಿ, ಗಂಬೊ ಮಾಡೂದು ತೋರಸ್ತೀನಿ" ಅಂತ ಕರದರು. ಗಂಬೊ ಅಂದ್ರ ಅವರ ಸಾರು. ಅನ್ನದ ಮ್ಯಾಲೆ ಹಾಕ್ಕೊಂಡು ತಿನ್ನೂದು. ಸೀಗಡಿ, ಏಡಿ, ಕೋಳಿ, ಏನೇನೋ ಹಾಕ್ತಾರ. ನಮ್ಮ ಸಲುವಾಗಿ ಅವು ಯಾವೂ ಇಲ್ಲದ ಮಾಡಿದರು. ಅದರ ಅಡಿಪಾಯದ ಹೆಸರು 'ರೂ'. ಫ್ರೆಂಚ್ ಶಬ್ದ. ಎಣ್ಣಿ ಎಷ್ಟೋ ಮೈದಾ ಹಿಟ್ಟು ಅಷ್ಟ. ದಪ್ಪ ತಳದ ಬೀಡಿನ ಬೋಗೋಣಿಯೊಳಗ ಹಾಕಿ ಕೈ ಬಿಡದ ತಿರುವೂದು. ಮುಕ್ಕಾಲು ತಾಸು ತಿರುವಿದ್ವಿ. ಫೋನು ಬಂದ್ರ ಎತ್ತಬಾರದು, ಬಾಗಲಾ ಬಡದ್ರ ತಗೀಬಾರದು. ಬಿಳಿ ಇದ್ದದ್ದು ಶೇಂಗಾದ ಬಣ್ಣಕ್ಕ ಬರ್ತದ, ಆಮ್ಯಾಲೆ ಬೆಲ್ಲದ ಬಣ್ಣ, ಕಡೀಗೆ ಹಳೆ ಹುಣಸಿಹಣ್ಣಿನ ಬಣ್ಣ. ಒಂದು ಕರಿ ಚುಕ್ಕಿ ಕಂಡ್ರ ಮುಗೀತು, ಹೊತ್ತಿತು ಅಂತ ಲೆಕ್ಕ. ಪೂರ್ತಿ ಚೆಲ್ಲಿ ಮತ್ತ ಮೊದಲಿಂದ. ನಾನು ಬೇಸನ್ ಉಂಡಿಗೆ ಹಿಟ್ಟು ಹುರದ ಕೈ ನನ್ನದು. ಅಜ್ಜಿ ಸೌಟು ನನ್ನ ಕೈಗೆ ಕೊಟ್ಟು ಎರಡು ನಿಮಿಷ ನೋಡಿ, "ನಿಮಗ ಇದು ಬರ್ತದ" ಅಂದರು. ಆರು ತಿಂಗಳಾಗ ನನಗ ಸಿಕ್ಕ ದೊಡ್ಡ ಸರ್ಟಿಫಿಕೇಟು ಅದ ನೋಡ್ರಿ.

ಬಣ್ಣ ಬಂದ ಕೂಡಲೆ ಹೆಚ್ಚಿದ ಉಳ್ಳಾಗಡ್ಡಿ, ಸೆಲರಿ, ಹಸಿರು ದೊಣ್ಣಮೆಣಸಿನಕಾಯಿ ಒಮ್ಮೆಲೆ ಸುರೀತಾರ. ಚೊಂಯ್ ಅಂತದ, ಮನಿ ತುಂಬ ವಾಸನಿ. ಸೆಲರಿ ಅಂದ್ರ ಕೊತಂಬರಿ ಜಾತಿದು, ದಪ್ಪ ನೀರು ದಂಟು. ಈ ಮೂರಕ್ಕ ಅವರು ತ್ರಿಮೂರ್ತಿ ಅನ್ನೋ ಅರ್ಥದ ಹೆಸರು ಇಟ್ಟಾರ, ಅವರ ಧರ್ಮದ ಮೂವರು. ಬಳ್ಳೊಳ್ಳಿಗೆ ಪೋಪ್ ಗುರುಗಳ ಪಟ್ಟ! ಫ್ರಾನ್ಸಿನವರು ಉಳ್ಳಾಗಡ್ಡಿ, ಸೆಲರಿ ಜೋಡಿ ಗಜ್ಜರಿ ಹಾಕ್ತಾರ. ಇಲ್ಲೆ ಗಜ್ಜರಿ ಜಾಗಾಕ್ಕ ದೊಣ್ಣಮೆಣಸಿನಕಾಯಿ ಬಂತು. ಅಷ್ಟ ಬದಲು, ಆದ್ರ ಆ ಒಂದು ಬದಲಿಗೆ ಅಡಿಗಿ ಫ್ರಾನ್ಸ್ ಬಿಟ್ಟು ಲೂಸಿಯಾನಾದ್ದಾತು. ಕಣ್ಣು ಕಟ್ಟಿ ಮನಿಯೊಳಗ ಬಿಟ್ಟರೂ ಆ ವಾಸನಿಗೆ ಯಾವ ಊರು ಅಂತ ಹೇಳಬಹುದು. ಜೀರಿಗಿ ಸಾಸಿವಿ ಕರಿಬೇವು ಸಿಡದ್ರ ನಾವು ಹೇಳೂದಿಲ್ಲೇನು, ಹಂಗ.

ಆಮ್ಯಾಲೆ ಬೆಂಡಿಕಾಯಿ ತಗದರು. ನಾ "ಅಯ್ಯ, ಲೋಳಿ ಆಗ್ತದ" ಅಂದೆ. ಅದಕ್ಕ ಅವರು ಮೊದಲ ಬ್ಯಾರೆ ಬೋಗೋಣ್ಯಾಗ ಎಣ್ಣಿ ಹಾಕಿ ಒಣಾ ಆಗೂ ತನಕಾ ಹುರದಿಟ್ಟಿದ್ದರು. ಅಗದಿ ನಮ್ಮ ಅತ್ತಿ ಮಾಡೂ ಹಂಗನ! ಉಳಿದ ಸ್ವಲ್ಪ ಲೋಳಿ ಅವರಿಗೆ ಬೇಕಾಗಿದ್ದ, ಸಾರು ಗಟ್ಟಿ ಆಗೂದು ಅದರಿಂದನ. ಗಂಬೊ ಅನ್ನೋ ಹೆಸರ ಬೆಂಡಿಕಾಯಿದು ಅಂತ ಮಗಳು ಲೈಬ್ರರಿಯಿಂದ ತಂದ ಪುಸ್ತಕದಾಗ ಓದಿ ಹೇಳಿದಳು. ಆಫ್ರಿಕಾದ ಬಾಂಟು ಭಾಷಾದಾಗ ಬೆಂಡಿಕಾಯಿಗೆ 'ಕಿಂಗೊಂಬೊ' ಅಂತಾರ. ಗುಲಾಮರಾಗಿ ಹಡಗದಾಗ ತುಂಬಿಸಿಕೊಂಡು ಬಂದವರ ಜೋಡಿ ಕಾಯಿಯೂ ಬಂತು, ಹೆಸರೂ ಬಂತು. ಅವರ ಸ್ವಂತ ಹೆಸರುಗಳನ್ನ ಮಾಲಕರು ಅಳಿಸಿ ಬ್ಯಾರೆ ಇಟ್ಟರು. ಬೆಂಡಿಕಾಯಿ ಹೆಸರು ಅಳಿಸಲಿಕ್ಕೆ ಆಗಲಿಲ್ಲ.

ಚಳಿಗಾಲಕ್ಕ ಬೆಂಡಿಕಾಯಿ ಸಿಗದಾಗ 'ಫಿಲೆ' ಅಂತ ಒಂದು ಹಸಿರು ಪುಡಿ ಹಾಕ್ತಾರ. ಸಾಸಾಫ್ರಾಸ್ ಅನ್ನೋ ಗಿಡದ ಎಲಿ ಒಣಗಿಸಿ ಕುಟ್ಟಿದ್ದು. ಅದನ್ನ ಕಲಿಸಿದವರು ಆ ನೆಲದ ಮೂಲ ಜನ, ಚಾಕ್ಟಾ ಅಂತ. ಒಲಿ ಆರಿಸಿದ ಮ್ಯಾಲೆ ಹಾಕಬೇಕು, ಕುದಿಯೂದರಾಗ ಹಾಕಿದ್ರ ದಾರದ ಹಂಗ ಎಳಿ ಎಳಿ ಆಗ್ತದ.

ಈಗ ಒಂದು ಬೋಗೋಣಿ ಲೆಕ್ಕ ಹಾಕ್ರಿ. ಊರು ಕಟ್ಟಿದ್ದು ಫ್ರೆಂಚರು, 1718 ರಾಗ. ಹಿಟ್ಟು ಹುರಿಯೋ ವಿದ್ಯಾ ಅವರದು. ನಡುವ ಸ್ಪೇನಿನವರು ಆಳಿದರು. 1803 ರಾಗ ಅಮೆರಿಕಾ ಕೊಂಡಕೊಂತು. ಬೆಂಡಿಕಾಯಿ ಆಫ್ರಿಕಾದ್ದು. ಪಶ್ಚಿಮ ಆಫ್ರಿಕಾದಿಂದ ತಂದವರಾಗ ಭತ್ತಾ ಬೆಳಿಯೋದು ಗೊತ್ತಿದ್ದವರು ಇದ್ದರು, ಅನ್ನದ ಹಿಂದ ಅವರ ಕೈ ಅದ. ಪುಡಿ ಮೂಲ ಜನರದು. ಎಲ್ಲಾರೂ ಒಂದ ಒಲಿ ಸುತ್ತ ಪ್ರೀತಿಲೆ ಕೂತು ಮಾಡಿದ್ದಲ್ಲ ಅದು. ಕೆಲವರು ಹುಕುಂ ಮಾಡಿದರು, ಕೆಲವರು ಬೆವರು ಸುರಿಸಿದರು. ತಿಂದವರು ಎಲ್ಲಾರೂ ಹೌದು, ಆದ್ರ ಮಾಡಿದವರ ಹೆಸರು ಎಲ್ಲೂ ಬರಲಿಲ್ಲ. 1900 ರಾಗ ಆ ಊರಿನ ವರ್ತಮಾನ ಪತ್ರಿಕಾದವರು ಕ್ರಿಯೋಲ್ ಅಡಿಗಿ ಪುಸ್ತಕ ಅಚ್ಚು ಹಾಕಿದರು. ಹಳೆ ಕರಿ ಅಡಿಗಿಯವರು ಒಬ್ಬೊಬ್ಬರ ಹೋಗಲಿಕ್ಕೆ ಹತ್ಯಾರ, ವಿದ್ಯಾ ಹೋಗೋದರಾಗ ಬರದಿಡೂಣು ಅಂತ ಮಾಡಿದ ಪುಸ್ತಕ. ವಿದ್ಯಾ ಬರಕೊಂಡರು, ಹೆಸರು ಬರಕೊಳ್ಳಲಿಲ್ಲ.

ಅದಕ್ಕ ಲೀನಾ ರಿಚರ್ಡ್ ಅನ್ನೋ ಹೆಣ್ಣಮಗಳ ಕಥಿ ನನಗ ಭಾಳ ಹಿಡಸ್ತು. ಮಂದಿ ಮನಿಯೊಳಗ ಅಡಿಗಿ ಮಾಡಿ ಬೆಳದ ಕರಿ ಹೆಣ್ಣಮಗಳು. ಊರಾಗ ಅಡಿಗಿ ಶಾಳಿ ತಗದಳು. 1939 ರಾಗ 300ಕ್ಕೂ ಹೆಚ್ಚು ಅಡಿಗಿ ಇದ್ದ ಪುಸ್ತಕ ಸ್ವಂತ ರೊಕ್ಕದಲೆ ಅಚ್ಚು ಹಾಕಿಸಿದಳು, ತನ್ನ ಹೆಸರಲೆ. ಮುಂದಿನ ವರ್ಷ ದೊಡ್ಡ ಪ್ರಕಾಶನದವರು ಅದನ್ನ ಮತ್ತ ತಂದರು. 1949 ರಾಗ ಟಿವಿಯೊಳಗ ನಿಂತು ಅಡಿಗಿ ಕಲಿಸಿದಳು. ಕರಿಯರು ಬಿಳಿಯರು ಒಂದ ಹೊಟೆಲಿನಾಗ ಕೂತು ಉಣ್ಣಬಾರದು ಅಂತ ಕಾಯ್ದೆ ಇದ್ದ ಕಾಲ ಅದು. ಮರುವರ್ಷನ ತೀರಿಕೊಂಡಳು.

ಹಂಗಾದ್ರ ಈ ಅಡಿಗಿ ಜಗತ್ತಿಗೆಲ್ಲಾ ಗೊತ್ತಾಗಿದ್ದು ಹೆಂಗ? ನಾನೂ ಇದನ್ನ ಕೇಳಿದೆ. ಯಾಕಂದ್ರ ಅಂಗಡಿಗೆ ಹ್ವಾದ್ರ ಚಿಪ್ಸ್ ಪಾಕೀಟಿನ ಮ್ಯಾಲೂ 'ಕೇಜನ್' ಅಂತ ಬರದಿರ್ತಾರ. ಅಳಿಯ ಹೇಳಿದ್ದು: ಕೇಜನ್ ಬ್ಯಾರೆ, ಕ್ರಿಯೋಲ್ ಬ್ಯಾರೆ. ಕ್ರಿಯೋಲ್ ಪ್ಯಾಟಿ ಅಡಿಗಿ. ಕೇಜನ್ ಅಂದ್ರ ಹಳ್ಳಿ ಕಡೆದು. ಈಗಿನ ಕೆನಡಾದೊಳಗ ಅಕೇಡಿಯಾ ಅಂತ ಪ್ರದೇಶ ಇತ್ತು. 1755 ರಿಂದ ಬ್ರಿಟಿಷರು ಅಲ್ಲಿನ ಫ್ರೆಂಚ್ ರೈತರನ್ನ ಮನಿ ಹೊಲ ಬಿಡಿಸಿ ಓಡಿಸಿದರು. ಅವರಾಗ ಒಂದಿಷ್ಟು ಮಂದಿ ತಿರುಗಿ ತಿರುಗಿ ಲೂಸಿಯಾನಾದ ಕೆಸರು ನೆಲಕ್ಕ ಬಂದು ನಿಂತರು. 'ಅಕೇಡಿಯನ್' ಅನ್ನೋದ ಬಾಯಾಗ ಸವದು ಸವದು 'ಕೇಜನ್' ಆತು. ಕ್ರಿಯೋಲ್ ಗಂಬೊದಾಗ ಟೊಮ್ಯಾಟೊ ಬಿದ್ದೀತು. ಕೇಜನ್ನರ ಮುಂದ ಆ ಹೆಸರು ತಗೀಬಾರದು, ಜಗಳಾ ಆಗ್ತದ. ಕಟ್ಟಿನ ಸಾರಿಗೆ ಬೆಲ್ಲ ಹಾಕಬೇಕೋ ಬ್ಯಾಡೋ ಅಂತ ನಮ್ಮ ಇಬ್ಬರು ಮಾವಶಿಯರು ಮದವಿ ಮನಿಯೊಳಗ ಮಾತು ಬಿಟ್ಟಿದ್ದು ನೆನಪದ ಅಲ್ಲ? ಅಗದಿ ಅಂಥಾದ್ದ.

ಅಂಥ ಒಂದು ಕೇಜನ್ ಮನಿಯೊಳಗ 13 ಮಕ್ಕಳಾಗ ಕಡೇ ಮಗಾ ಆಗಿ ಹುಟ್ಟಿದವರು ಪಾಲ್ ಪ್ರುಡೋಮ್. ಅವ್ವನ ಮಗ್ಗಲದಾಗ ನಿಂತು ಅಡಿಗಿ ಕಲಿತವರು. 1979 ರಾಗ ಹೆಂಡತಿ ಜೋಡಿ ನ್ಯೂ ಆರ್ಲಿಯನ್ಸಿನಾಗ ಹೊಟೆಲ್ ತಗದರು. ಒಂದು ಮೀನಕ್ಕ ಬೆಣ್ಣಿ, ಮಸಾಲಿ ಹಚ್ಚಿ ಕೆಂಪಗ ಕಾದ ಬೀಡಿನ ಹೆಂಚಿನ ಮ್ಯಾಲೆ ಕರ್ರಗ ಸುಡೋದು, ಇದು ಅವರು ಹೊಸದಾಗಿ ಮಾಡಿದ್ದು. ದೇಶಾನ ಅದರ ಹಿಂದ ಬಿತ್ತು. ಎಷ್ಟಂದ್ರ ಆ ಜಾತಿ ಮೀನ ಹಿಡಿಯೂದಕ್ಕ ಸರಕಾರ ನಿರ್ಬಂಧ ಹಾಕೂ ಹಂಗ ಆತು! ಕೇಜನ್ ಅನ್ನೋ ಹೆಸರು ಊರೂರಿಗೆ ಹೋತು. ಆದ್ರ ಒಂದು ನಷ್ಟನೂ ಆತು. ಜನಾ ಕೇಜನ್ ಅಂದ್ರ ಖಾರ ಅಷ್ಟ ಅಂತ ತಿಳಕೊಂಡರು. ಖಾರದ ಪುಡಿ ಉದುರಿಸಿದ್ದಕ್ಕೆಲ್ಲಾ ಆ ಹೆಸರು ಇಟ್ಟರು. ಅಜ್ಜಿ ಅಡಿಗಿ ಉಂಡ ನಾ ಹೇಳ್ತೀನಿ, ನಮ್ಮ ಬ್ಯಾಡಗಿ ಮೆಣಸಿನಕಾಯಿ ಮುಂದ ಅದು ಏನೂ ಅಲ್ಲ. ಹೆಸರು ಎಲ್ಲಾರಿಗೂ ಗೊತ್ತಾಗೂದು ಬ್ಯಾರೆ, ರುಚಿ ಗೊತ್ತಾಗೂದು ಬ್ಯಾರೆ.

ಅಜ್ಜಿಗೆ ಇದರ ಬಗ್ಗೆ ಭಾಳ ಸಿಟ್ಟು. ಅವರು ದೇವರ ಹಂಗ ನೆನಸೂದು ಲೀಯಾ ಚೇಸ್ ಅನ್ನವರನ್ನ. ಡೂಕಿ ಚೇಸ್ ಅನ್ನೋ ಹೊಟೆಲಿನ ಒಡತಿ, 2019 ರಾಗ ತೀರಿಕೊಂಡರು, 96 ವರ್ಷ. ಕರಿಯರ ಹಕ್ಕಿನ ಸಲುವಾಗಿ ಚಳವಳಿ ನಡದಾಗ ಕರಿಯರೂ ಬಿಳಿಯರೂ ಕೂಡಿ ಮೀಟಿಂಗ್ ಮಾಡ್ತಿದ್ದದ್ದು ಆ ಹೊಟೆಲಿನ ಮ್ಯಾಲಿನ ಖೋಲ್ಯಾಗ. ಕಾಯ್ದೆ ಒಪ್ಪತಿದ್ದಿಲ್ಲ, ಈಕಿ ಊಟಕ್ಕ ಹಾಕತಿದ್ದಳು. ಮುಂದ ಬರಾಕ್ ಒಬಾಮಾ ಅಲ್ಲೆ ಊಟಕ್ಕ ಬಂದು ಗಂಬೊಕ್ಕ ಬಾಟಲಿ ಖಾರ ಸುರಕೊಂಡರಂತ. ಲೀಯಾ ಚೇಸ್ ಮುಖಾ ಮೂತಿ ನೋಡದ ಬೈದರಂತ. ಅಜ್ಜಿ ಇದನ್ನ ಹೇಳೂವಾಗ ತಾವ ಬೈದಂಗ ಸೌಟು ಎತ್ತತಿದ್ದರು.

ಇಲ್ಲಿಂದ ಮುಂದಿನ ಮಾತು ಬರೀಲಿಕ್ಕೆ ಸ್ವಲ್ಪ ಕಷ್ಟ.

2005 ಆಗಸ್ಟ್ 29ಕ್ಕ ಆ ಊರಿಗೆ ಕತ್ರಿನಾ ಚಂಡಮಾರುತ ಬಂತು. ಒಡ್ಡು ಒಡದು ಊರಿನ ನೂರಕ್ಕ 80 ಪಾಲು ನೀರಾಗ ಮುಳುಗಿತು. ವಾರಗಟ್ಟಲೆ ನೀರು ಇಳೀಲಿಲ್ಲ. ಅಜ್ಜಿ ಮನಿಯೊಳಗ ಎದಿಮಟ ನೀರು. ಅವರ ಅವ್ವ ಕೈಯಾರೆ ಬರದಿಟ್ಟ ಅಡಿಗಿ ಚೀಟಿಗೋಳು ಒಂದು ಡಬ್ಬಿಯೊಳಗ ಇದ್ದವಂತ. ತಿರುಗಿ ಬಂದು ನೋಡಿದಾಗ ಡಬ್ಬಿ ಇತ್ತು, ಒಳಗ ಬರೇ ಮುದ್ದಿ. ಮಸಿ ಎಲ್ಲಾ ಹರದು ನೀಲಿ ನೀರು. ಅದನ್ನ ಹೇಳಿ ಸ್ವಲ್ಪ ಹೊತ್ತು ಸುಮ್ಮನ ಕೂತರು.

ನನಗ ಎದಿ ಝಲ್ ಅಂತು. ಯಾಕಂದ್ರ ನಮ್ಮ ಮನಿಯೊಳಗೂ ಅದ ಆಗಿತ್ತು. 2019 ರ ಆಗಸ್ಟಿನಾಗ ಮಲಪ್ರಭಾ ತುಂಬಿ ರಾಮದುರ್ಗದಾಗ ನಮ್ಮ ತವರುಮನಿಗೆ ನೀರು ಹೊಕ್ಕಾಗ ಅವ್ವನ ವಹಿ ಹೋತು. ಕೆಂಪು ಅರಬಿ ರಟ್ಟಿನ ಆ ವಹಿ ನಿಮ್ಮಾಗ ಭಾಳ ಮಂದಿ ನೋಡೀರಿ. ಮಸಾಲಿ ಪುಡಿ, ಉಪ್ಪಿನಕಾಯಿ, ಬಾಣಂತಿ ಖಾರ, ಅಂಟಿನ ಉಂಡಿ, ಎಲ್ಲಾ ಅದರಾಗ ಇತ್ತು. ಅಡಿಗಿ ಮನಿ ಕೆಳಗಿನ ಫಳಿ ಮ್ಯಾಲೆ ಇರ್ತಿತ್ತು. ನೀರು ಬಂದ ರಾತ್ರಿ ವೈನಿ ದೇವರ ಪೆಟ್ಟಿಗಿ, ಹುಡುಗರ ಸರ್ಟಿಫಿಕೇಟು, ಅಣ್ಣನ ಔಷಧ ಎತ್ತಿದಳು. ವಹಿ ಎತ್ತಲಿಲ್ಲ. ನಾ ಊರಿಗೆ ಹ್ವಾದಾಗ, ಗ್ವಾಡಿ ಇನ್ನೂ ಹಸಿ ಇದ್ದಾಗ, ಆಕಿ ಕೈಯಾಗ ಕಸಬರಿಗಿ ಇದ್ದಾಗ, "ಅಷ್ಟು ಸಣ್ಣ ವಹಿ ಎತ್ತಲಿಕ್ಕೆ ಆಗಲಿಲ್ಲೇನು, ನಿಮ್ಮ ಅವ್ವಂದಾಗಿದ್ರ ಎತ್ತತಿದ್ದಿ" ಅಂದೆ. ಆಕಿ ಏನೂ ಅನಲಿಲ್ಲ. ಕಸಾ ಹೊಡದಳು. ಆಮ್ಯಾಲೆ ಹಬ್ಬಕ್ಕ ಹುಣಿವಿಗೆ ಮಾತಾಡ್ತೀವಿ, ಆರತಿ ಮಾಡ್ತೀವಿ. ಆದ್ರ ಆ ಮಾತು ನಡುವ ಹಂಗ ಕೂತು ಬಿಟ್ಟದ.

ಅಜ್ಜಿಗೆ ಕೇಳಿದೆ, "ಊರು ಬಿಡೂವಾಗ ನೀವು ಏನ ತಗೊಂಡು ಹ್ವಾದ್ರಿ?" "ಔಷಧ, ಕಾಗದಪತ್ರ, ಗಂಡನ ಫೋಟೊ. ಮೂರು ದಿನದಾಗ ತಿರುಗಿ ಬರ್ತೀವಿ ಅಂತ ತಿಳಕೊಂಡಿದ್ದೆ." "ಚೀಟಿ ಡಬ್ಬಿ?" "ನೀರು ಬಂದಾಗ ಅಡಿಗಿ ಚೀಟಿ ಯಾರರೆ ತಗೋತಾರೇನು?" ಅಂದು ನನ್ನ ಮುಖಾ ನೋಡಿದರು. ನಾನು ಕೆಳಗ ನೋಡಿದೆ.

ಹಂಗ ಆಗಿದ್ದು ಅವರೊಬ್ಬರಿಗೆ ಅಲ್ಲ, ಇಡೀ ಊರಿಗೆ. ಜನಾ ತಿರುಗಿ ಬಂದರು, ಗ್ವಾಡಿ ಕಟ್ಟಿಕೊಂಡರು, ಒಲಿ ಕೊಂಡರು. ಮಾಡಬೇಕಂದ್ರ ಅವ್ವನ ಚೀಟಿ ಇಲ್ಲ, ಪೇಪರಿನಾಗಿಂದ ಕತ್ತರಿಸಿಟ್ಟ ತುಂಡು ಇಲ್ಲ. ಆಗ ಟೈಮ್ಸ್-ಪಿಕಾಯೂನ್ ಅನ್ನೋ ಊರಿನ ಪೇಪರಿಗೆ ಪತ್ರ ಬರೀಲಿಕ್ಕೆ ಹತ್ತಿದರು: ನೀವು ಹಿಂದ ಅಚ್ಚು ಹಾಕಿದ್ದ ಆ ಅಡಿಗಿ ಮತ್ತ ಹಾಕ್ರಿ. ಪೇಪರಿನವರು ಅದಕ್ಕಂತನ ಅಂಕಣ ಸುರು ಮಾಡಿದರು. ಒಬ್ಬರು ಕೇಳೋದು, ಇನ್ನೊಬ್ಬರು ತಮ್ಮ ಹತ್ತಿರ ಉಳಿದದ್ದನ್ನ ಕಳಸೋದು. ಅದೆಲ್ಲಾ ಸೇರಿ 2008 ರಾಗ ಪುಸ್ತಕ ಆತು. ಅಜ್ಜಿ ಮನಿಯೊಳಗ ಆ ಪುಸ್ತಕ ಅದ. ಎಣ್ಣಿ ಕಲಿ ಬಿದ್ದು ಹಳದಿ ಆಗೇದ. "ಅವ್ವನ ಅಕ್ಷರ ಬರಲಿಲ್ಲ, ಆದ್ರ ಅವ್ವನ ಸಾರು ಬಂತು" ಅಂದರು.

ಈಸ್ಟರ್ ಹಬ್ಬದ ಹಿಂದಿನ ಗುರುವಾರ ಅವರಲ್ಲೆ ಹಸಿರು ಗಂಬೊ ಮಾಡ್ತಾರ. ಬರೇ ತಪ್ಪಲಾ ಪಲ್ಯದ್ದು. ಸಾಸಿವಿ ಸೊಪ್ಪು, ಪಾಲಕ, ಗಜ್ಜರಿ ಸೊಪ್ಪು, ಕೋಬೀಜು, ಸಿಕ್ಕ ಸಿಕ್ಕದ್ದು. ಸೊಪ್ಪಿನ ಲೆಕ್ಕ ಬೆಸ ಸಂಖ್ಯಾ ಇರಬೇಕು. ಲೀಯಾ ಚೇಸ್ ಒಂಬತ್ತು ಹಾಕತಿದ್ದರು. ಎಷ್ಟು ಜಾತಿ ಸೊಪ್ಪು ಹಾಕ್ತೀರೋ ಆ ವರ್ಷ ಅಷ್ಟು ಮಂದಿ ಹೊಸಾ ಗೆಳತ್ಯಾರು ಸಿಗತಾರ ಅಂತ ನಂಬಿಕಿ. ಅವರ ಮಂದಿ ಅದಕ್ಕೂ ಮಾಂಸ ಹಾಕ್ತಾರ. ನಮಗ ಬ್ಯಾರೆ ಮಾಡಿದರು. ನಾನೂ ಕೂತು ಸೊಪ್ಪು ಸೋಸಿದೆ. ಬೆಂದ ಸೊಪ್ಪು ಹಿಸುಕಿ ಬೋಗೋಣಿಗೆ ಹಾಕೂವಾಗ ಮಗಳು ಬಾಗಲದಾಗ ಕೂಸಿನ್ನ ಎತ್ತಿಕೊಂಡು ನಿಂತಿದ್ದಳು. "ಅವ್ವಾ, ರಾಮದುರ್ಗದ ಪುಂಡಿಪಲ್ಯದ ವಾಸನಿ" ಅಂದಳು. ಅದು ಪುಂಡಿ ಅಲ್ಲ, ಆ ವಾಸನಿನೂ ಅಲ್ಲ. ಆದ್ರ ಆಕಿ ಬಾಣಂತಿ, ಆಕಿ ಬಾಯಿಗೆ ಅದ ಬೇಕಾಗಿತ್ತು.

ಮರುದಿನ ಅಳಿಯ ಇಂಡಿಯನ್ ಅಂಗಡಿಯಿಂದ ಗೊಂಗೂರಾ ಅಂತ ಬರದ ಥಂಡಿ ಪಾಕೀಟು ತಂದರು. ಪುಂಡಿನ. ತೊಗರಿಬ್ಯಾಳಿ, ಜ್ವಾಳದ ನುಚ್ಚು, ಹಸಿಮೆಣಸಿನಕಾಯಿ ಹಾಕಿ ಮಾಡಿದೆ, ಬಳ್ಳೊಳ್ಳಿ ಒಗ್ಗರಣಿ ಕೊಟ್ಟೆ. ಮಗಳು ಒಂದು ತುತ್ತು ತಿಂದು, "ಛಲೋ ಆಗೇದ, ಆದ್ರ ಅಜ್ಜಿದಲ್ಲ" ಅಂದಳು. ಹುಳಿ ಮುಂದ ಮುಂದ ಬರ್ತಿತ್ತು. ವಹಿ ಇದ್ದಿದ್ರ ನೋಡ್ತಿದ್ದೆ ಅಂತ ಹಳೆ ಸಿಟ್ಟು ಒಳಗ ಮತ್ತ ಎದ್ದಿತು. ಆಮ್ಯಾಲೆ ನನ್ನ ಮ್ಯಾಲೆ ನನಗ ನಾಚಿಗಿ ಬಂತು. ಅವ್ವನ ಮಗ್ಗಲದಾಗ ಮೂವತ್ತು ವರ್ಷ ಅಡಿಗಿ ಮನಿಯೊಳಗ ನಿಂತವರು ಯಾರು? ನಾನು ಇಪ್ಪತ್ತೆರಡಕ್ಕ ಮದವಿ ಆಗಿ ಹೊಂಟೆ. ನಿಂತವಳು ವೈನಿ.

ರಾತ್ರಿ ಫೋನ್ ಹಚ್ಚಿದೆ. ಅಲ್ಲೆ ನಸುಕಿನ್ಯಾಗ ಎದ್ದಿದ್ದಳು. "ವೈನಿ, ಅವ್ವನ ಪುಂಡಿಪಲ್ಯ ಹೆಂಗ ಆಗ್ತಿತ್ತು?" ಒಂದು ಕ್ಷಣ ಸುಮ್ಮನಾದಳು. ಆಮ್ಯಾಲೆ, "ಅತ್ತಿಯವರು ಪುಂಡಿ ಒಂದ ಹಾಕತಿದ್ದಿಲ್ಲ. ಎರಡು ಹಿಡಿ ಪುಂಡಿಗೆ ಒಂದು ಹಿಡಿ ರಾಜಗಿರಿ ಸೊಪ್ಪು. ಹುಳಿ ಮುರೀತದ. ಬಾಣಂತಿ ಇದ್ರ ರಾಜಗಿರಿ ಇನ್ನೂ ಹೆಚ್ಚು" ಅಂದಳು. ಕೇಳಿದೆ, "ಇದು ವಹಿಯೊಳಗ ಇತ್ತೇನು?" "ಇಲ್ಲ. ಅವರು ಇಂಥಾದ್ದು ಬರೀತಿದ್ದಿಲ್ಲ. ಬರದದ್ದು ಬರೇ ಪುಡಿ ಅಳತಿ."

ಆರು ವರ್ಷ ಇಲ್ಲದ ವಹಿ ಸಲುವಾಗಿ ಸಿಟ್ಟು ಹಿಡಕೊಂಡು, ಇದ್ದ ವೈನಿಗೆ ಒಂದು ಮಾತು ಕೇಳಿರಲಿಲ್ಲ ನೋಡ್ರಿ ನಾನು.

ಒಂದು ಸೀಮಿ ಅಡಿಗಿಗೆ ತನ್ನದು ಅಂತ ಗುರುತು ಹೆಂಗ ಬರ್ತದ ಅಂತ ಕೇಳಿದ್ರ ನಾ ಆ ಊರಾಗ ಕಂಡದ್ದು ಇಷ್ಟು. ಮೊದಲನೇದ್ದು, ಒಲಿ ಹಚ್ಚಿದ ಕೂಡಲೆ ಊರು ಹೇಳೋ ಅಡಿಪಾಯ ಇರಬೇಕು, ಅವರ ರೂ, ಮೂರು ಕಾಯಿಪಲ್ಯ ಇದ್ದಂಗ. ಎರಡನೇದ್ದು, ಯಾವ ವಾರ ಏನು, ಯಾವ ಹಬ್ಬಕ್ಕ ಏನು ಅಂತ ದಿನದ ಜೋಡಿ ಗಂಟು ಬಿದ್ದಿರಬೇಕು. ಮೂರನೇದ್ದು, ಅದರ ಬಗ್ಗೆ ಜಗಳಾ ಆಡೋ ಅಷ್ಟು ಅಭಿಮಾನ ಇರಬೇಕು. ಪ್ಯಾಟಿಯೊಳಗ ಹೆಸರು ಮಾಡೂದು ಪುಸ್ತಕ, ಹೊಟೆಲ್, ಟಿವಿ. ಆದ್ರ ನೀರು ಬಂದು ಎಲ್ಲಾ ತೊಳಕೊಂಡು ಹ್ವಾದ ಮ್ಯಾಲೆ ಅದನ್ನ ಉಳಿಸಿದ್ದು ಒಬ್ಬರಿಗೊಬ್ಬರು ಕೇಳಿದ್ದು, ಕಳಿಸಿದ್ದು.

ಬರೂ ದಿನ ಅಜ್ಜಿ ಒಂದು ಸಣ್ಣ ಬಾಟಲಿ ಫಿಲೆ ಪುಡಿ ಕೊಟ್ಟಾರ. ನಾ ಅವರಿಗೆ ಪುಂಡಿಪಲ್ಯ ಚೀಟಿ ಮ್ಯಾಲೆ ಬರಸಿ ಕೊಟ್ಟು ಬಂದೀನಿ, ಮಗಳ ಕೈಲೆ, ಇಂಗ್ಲಿಷಿನಾಗ. ಮ್ಯಾಲೆ ಅವ್ವನ ಹೆಸರೂ, ಅದರ ಕೆಳಗ ವೈನಿ ಹೆಸರೂ ಹಾಕಿಸೀನಿ. ಹೆಸರು ಹೋಗಬಾರದು.

ವೈನಿ, ನೀನು ಇದನ್ನ ಓದ್ತಿ ಅಂತ ಗೊತ್ತದ. ಆ ದಿನ ನಾ ಅಂದದ್ದು ತಪ್ಪು. ಫೋನಿನ್ಯಾಗ ಹೇಳಬೇಕಂತ ಎರಡು ಸಲ ಬಾಯಿ ತಗದೆ, ಬರಲಿಲ್ಲ. ಎಲ್ಲಾರ ಮುಂದ ಅಂದಿದ್ದೆ, ಎಲ್ಲಾರ ಮುಂದನ ಹೇಳ್ತೀನಿ. ಮುಂದಿನ ವಾರ ರಾಮದುರ್ಗಕ್ಕ ಬರ್ತೀನಿ. ಹೊಸಾ ವಹಿ ತರ್ತೀನಿ, ನೀ ಹೇಳು, ನಾ ಬರ್ಕೋತೀನಿ.

ಉಳಿದವರಿಗೂ ಒಂದು ಕೇಳೂದದ. ಅವ್ವ ನಿಮಗ ಯಾವಾಗರೆ ಏನರೆ ಹೇಳಿಕೊಟ್ಟಿದ್ರ, ಚೀಟಿ ಬರದು ಕೊಟ್ಟಿದ್ರ, ಇಲ್ಲಾ ಆಕಿ ಕೈಯಾಗ ಉಂಡದ್ದು ನೆನಪಿದ್ರ ಬರದು ಕಳಸ್ರಿ. ಅಳತಿ ತಪ್ಪಿದ್ರೂ ನಡೀತದ. ನಮ್ಮ ಓಣಿ ಕಡೇ ಮನಿ ಮಾವಶಿ ಹತ್ತಿರ ಅವ್ವನ ಬಾಣಂತಿ ಖಾರದ ಅಳತಿ ಅದ ಅಂತ ಸುದ್ದಿ ಬಂದದ. ಮಾವಶಿ, ನಾಳೆ ಮಧ್ಯಾಹ್ನ ಚಹಾಕ್ಕ ಬರ್ತೀನಿ.